ಬೇನೆ ವಾಸಿಯಾಯಿತು, ಸ್ಟೇರಿಂಗ್ ಹಿಡಿಯಬಹುದೇ?

ದೀಪಾವಳಿ ಮುಗಿದು ಸಕ್ಕರೆ ಕಾರ್ಖಾನೆಗಳ ಚಿಮಣಿ ಹೊಗೆಯಾಡತೊಡಗಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರಸ್ತೆಗಳು ಕಬ್ಬಿನ ಗಾಡಿಗಳ ವಶವಾಗುತ್ತವೆ. ಘಟಪ್ರಭೆಗೆ ಧೂಪದಾಳದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಟ್ಟಿದ ಒಡ್ಡು, ಆಮೇಲೆ ಬಂದ ಹಿಡಕಲ್ ಜಲಾಶಯ ಈ ನೆಲವನ್ನು ಕಬ್ಬಿನ ಸೀಮೆಯಾಗಿಸಿದವು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಅವುಗಳ ಮೇಲೆ ಆಳೆತ್ತರ ಮೀರಿದ ಹೊರೆ. ಕಾರ್ಖಾನೆಯ ಮುಂದೆ ರಾತ್ರಿಯೆಲ್ಲ ಸರದಿಯ ಸಾಲು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರಕ್ಕೆ ಬಂದರೆ ಪುಣೆ–ಬೆಂಗಳೂರು ಹೆದ್ದಾರಿಯ ಲಾರಿಗಳ ಸಾಲು ಬೇರೆ. ಈ ಸೀಮೆಯಲ್ಲಿ ಗಾಡಿ ಓಡಿಸುವುದು ಶೋಕಿಯಲ್ಲ. ಸಾವಿರಾರು ಮನೆಗಳ ಒಲೆ ಹೊತ್ತುವುದೇ ಅದರಿಂದ.

ಇಂಥ ಒಬ್ಬ ಚಾಲಕನಿಗೆ ಮೆದುಳಿನ ಬೇನೆ ಬಂದಿತು ಎಂದಿಟ್ಟುಕೊಳ್ಳಿ. ಮೆದುಳು ಜ್ವರವಿರಬಹುದು, ಮೆದುಳಿನಲ್ಲಿ ಕ್ಷಯದ ಗಂಟಿರಬಹುದು, ಲಾಡಿಹುಳುವಿನ ಕೋಶವಿರಬಹುದು, ಲಕ್ವಾ ಹೊಡೆದಿರಬಹುದು. ಬೆಳಗಾವಿಗೋ ಹುಬ್ಬಳ್ಳಿಗೋ, ಗಡಿಯಾಚೆಯ ಮಿರಜಿಗೋ ಒಯ್ಯುತ್ತಾರೆ. 1894ರಲ್ಲಿ ಡಾ. ವಿಲಿಯಂ ವಾನ್‌ಲೆಸ್ ಮಿರಜದಲ್ಲಿ ಆಸ್ಪತ್ರೆ ತೆರೆದಾಗಿನಿಂದ ಈ ಭಾಗದ ಜನ ಕಠಿಣ ಬೇನೆಗೆ ಆ ದಾರಿ ಹಿಡಿಯುತ್ತ ಬಂದಿದ್ದಾರೆ. ಇನ್ನೂ ದೊಡ್ಡದಾದರೆ ಬೆಂಗಳೂರಿನ ನಿಮ್ಹಾನ್ಸ್. ಮೊದಲ ವಾರ ಮನೆಯವರು ಕೇಳುವ ಪ್ರಶ್ನೆ ಒಂದೇ: ಜೀವ ಉಳಿಯುತ್ತದೆಯೇ? ಜೀವ ಉಳಿದು, ರೋಗಿ ಎದ್ದು ಓಡಾಡತೊಡಗಿದ ಮೇಲೆ ಎರಡನೆಯ ಪ್ರಶ್ನೆ ಬರುತ್ತದೆ: ಇನ್ನು ಗಾಡಿ ಓಡಿಸಬಹುದೇ?

ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟರೆ ವೈದ್ಯಶಾಸ್ತ್ರವೂ ಕಾನೂನೂ ಬೇರೆ ಬೇರೆ ವೇಗದಲ್ಲಿ ನಡೆದ ಒಂದು ಚರಿತ್ರೆ ತೆರೆದುಕೊಳ್ಳುತ್ತದೆ.

ನಮೂನೆಯ ಮೊದಲ ಪ್ರಶ್ನೆ

ಗೋಕಾಕದ ವಾಹನಗಳ ಫಲಕದ ಮೇಲೆ ಕೆಎ-49 ಎಂದಿರುತ್ತದೆ. ಅಲ್ಲಿನ ಸಾರಿಗೆ ಕಚೇರಿಯಿರಲಿ, ದೇಶದ ಬೇರೆ ಯಾವುದೇ ಕಚೇರಿಯಿರಲಿ, ಚಾಲನಾ ಪರವಾನಗಿ ಬೇಕಾದವರು ತುಂಬುವ ‘ನಮೂನೆ 1’ ಒಂದೇ. ಅರ್ಜಿದಾರ ತನ್ನ ದೇಹಸ್ಥಿತಿಯ ಬಗ್ಗೆ ತಾನೇ ಮಾಡಿಕೊಳ್ಳುವ ಘೋಷಣೆ ಅದು. ಅದರ ಮೊದಲ ಪ್ರಶ್ನೆಯ ತಾತ್ಪರ್ಯ ಹೀಗಿದೆ: ನೀವು ಅಪಸ್ಮಾರದಿಂದ ಅಥವಾ ಯಾವುದೇ ಕಾರಣಕ್ಕೆ ಹಠಾತ್ತನೆ ಎಚ್ಚರ ತಪ್ಪುವ, ತಲೆ ಸುತ್ತುವ ತೊಂದರೆಯಿಂದ ಬಳಲುತ್ತಿದ್ದೀರಾ? ಹೌದು ಅಥವಾ ಇಲ್ಲ ಎಂದು ಬರೆಯಬೇಕು.

ಸರಕು ಮತ್ತು ಪ್ರಯಾಣಿಕರ ವಾಹನ ಓಡಿಸುವವರಿಗೆ, 40 ವರ್ಷ ದಾಟಿದವರಿಗೆ ಇದು ಸಾಲದು. ವೈದ್ಯರ ಪ್ರಮಾಣಪತ್ರವಾದ ‘ನಮೂನೆ 1-ಎ’ ಕೂಡ ಬೇಕು. ಅರ್ಜಿದಾರನಿಗೆ ಅಪಸ್ಮಾರ, ತಲೆಸುತ್ತು ಅಥವಾ ಚಾಲನೆಗೆ ಅಡ್ಡಿಯಾಗುವ ಮಾನಸಿಕ ಬೇನೆ ಇದೆಯೇ ಎಂದು ಅಲ್ಲಿ ವೈದ್ಯರನ್ನು ಕೇಳಲಾಗುತ್ತದೆ.

ಎಂಟು ವರ್ಷದ ಹಿಂದೆ ಮೆದುಳು ಜ್ವರ ಬಂದಾಗ ಒಮ್ಮೆ ಫಿಟ್ಸ್ ಆಗಿ, ಮತ್ತೆಂದೂ ಆಗದವನು ಇಲ್ಲಿ ಏನು ಬರೆಯಬೇಕು? ಕಳೆದ ತಿಂಗಳಷ್ಟೇ ಎರಡು ಸಲ ಬಿದ್ದವನು ಏನು ಬರೆಯಬೇಕು? ಇಬ್ಬರಿಗೂ ಇರುವುದು ಅದೇ ಎರಡು ಪದ. ‘ಕಡೆಯ ಸಲ ಆದದ್ದು ಯಾವಾಗ?’ ಎಂದು ಕೇಳುವ ಸಾಲು ನಮೂನೆಯಲ್ಲಿಲ್ಲ. ಅಲ್ಲಿ ರೋಗಕ್ಕೆ ಜಾಗವಿದೆ, ಕಾಲಕ್ಕೆ ಜಾಗವಿಲ್ಲ.

ಪ್ರಶ್ನೆ ಬಂದದ್ದೆಲ್ಲಿಂದ?

ಭಾರತದಲ್ಲಿ ಮೋಟಾರು ವಾಹನಗಳಿಗೆಂದು ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಮೊದಲು ಬಂದದ್ದು 1914ರಲ್ಲಿ. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಗೋಕಾಕದ ಜಲಪಾತದ ನೀರಿನಿಂದ ಗಿರಣಿ ನಡೆಯುತ್ತಿತ್ತು. ಆದರೆ ರಸ್ತೆಯ ಮೇಲೆ ಚಕ್ಕಡಿಯದೇ ರಾಜ್ಯ. ಚಕ್ಕಡಿ ಓಡಿಸುವವನಿಗೆ ಎಚ್ಚರ ತಪ್ಪಿದರೂ ಎತ್ತುಗಳು ಮನೆಯ ದಾರಿ ಮರೆಯುತ್ತಿರಲಿಲ್ಲ. ಮೋಟಾರಿಗೆ ಆ ಬುದ್ಧಿಯಿಲ್ಲ. ಓಡಿಸುವವನ ಮೆದುಳೇ ಅದರ ಮೆದುಳು. ಆದ್ದರಿಂದಲೇ ಮೋಟಾರಿನ ಜೊತೆಗೆ ಚಾಲಕನ ಆರೋಗ್ಯದ ಪ್ರಶ್ನೆಯೂ ಹುಟ್ಟಿತು.

ಬ್ರಿಟನ್ನಿನ 1930ರ ರಸ್ತೆ ಸಂಚಾರ ಕಾಯ್ದೆ ಅಪಸ್ಮಾರವುಳ್ಳವರಿಗೆ ಪರವಾನಗಿಯನ್ನು ನಿಷೇಧಿಸಿತು. ಚಾಲಕರ ಪರೀಕ್ಷೆ ಆ ದೇಶದಲ್ಲಿ ಕಡ್ಡಾಯವಾದದ್ದು 1935ರಲ್ಲಿ. ಅಂದರೆ ಗಾಡಿ ಓಡಿಸಲು ಬರುತ್ತದೆಯೇ ಎಂದು ನೋಡುವುದಕ್ಕಿಂತ ಐದು ವರ್ಷ ಮೊದಲೇ ಮೂರ್ಛೆ ಬರುತ್ತದೆಯೇ ಎಂದು ಕೇಳಲಾಯಿತು. ಅದೇ ಜಾಡಿನಲ್ಲಿ ಬಂದ ಭಾರತದ 1939ರ ಮೋಟಾರು ವಾಹನ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ‘ಸಂಪೂರ್ಣ ಅನರ್ಹತೆ’ ತರುವ ರೋಗಗಳ ಪಟ್ಟಿಯಿತ್ತು. ಮೊದಲನೆಯದು ಅಪಸ್ಮಾರ, ಎರಡನೆಯದು ಬುದ್ಧಿಭ್ರಮಣೆ. ಎಚ್ಚರ ತಪ್ಪಿಸಬಲ್ಲ ಹೃದ್ರೋಗ, 25 ಗಜ ದೂರದ ನಂಬರು ಫಲಕ ಕಾಣದ ಕಣ್ಣು, ಕಿವುಡುತನ, ಬಣ್ಣಗುರುಡು, ಇರುಳುಗುರುಡು ಅದರ ನಂತರ.

1988ರ ಈಗಿನ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂದಾಗ ಆ ಅನುಸೂಚಿ ಹೋಯಿತು. ಜನರಿಗೆ ಅಪಾಯ ಒಡ್ಡಬಹುದಾದ ರೋಗ ಅಥವಾ ವೈಕಲ್ಯವಿದ್ದರೆ ಪರವಾನಗಿ ನಿರಾಕರಿಸಬೇಕು ಎಂದಷ್ಟೇ ಕಾಯ್ದೆ ಹೇಳಿತು. ಪರವಾನಗಿ ಪಡೆದ ಮೇಲೆ ರೋಗ ಬಂದರೆ ಅದನ್ನು ರದ್ದುಪಡಿಸುವ ಇಲ್ಲವೇ ವೈದ್ಯರ ಪತ್ರ ಕೇಳುವ ಅಧಿಕಾರವನ್ನು 16ನೆಯ ಕಲಮಿನಲ್ಲಿ ಇಟ್ಟಿತು. ಆದರೆ ಹಳೆಯ ಪಟ್ಟಿ ಕಾಯ್ದೆಯಿಂದ ಇಳಿದು ನಮೂನೆಯೊಳಗೆ ಸೇರಿಕೊಂಡಿತು. 25 ಗಜ 25 ಮೀಟರ್ ಆಯಿತು. ಅಪಸ್ಮಾರ ಮೊದಲ ಸ್ಥಾನದಲ್ಲೇ ಉಳಿಯಿತು.

ಬದಲಾದ ವೈದ್ಯಶಾಸ್ತ್ರ

1930ರಲ್ಲಿ ಆ ನಿಷೇಧ ಅವಿವೇಕವೇನೂ ಆಗಿರಲಿಲ್ಲ. ಮೂರ್ಛೆರೋಗಕ್ಕೆ ಆಗ ಇದ್ದ ಒಳ್ಳೆಯ ಔಷಧ ಬಹುಮಟ್ಟಿಗೆ ಒಂದೇ: 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ಗುರುತಿಸಿದ ಫೀನೋಬಾರ್ಬಿಟಾಲ್. ಮೆದುಳಿನ ವಿದ್ಯುತ್ ಅಲೆಗಳನ್ನು ಕಾಗದದ ಮೇಲೆ ಮೂಡಿಸುವ ಇ.ಇ.ಜಿ. ವಿಧಾನವನ್ನು ಹಾನ್ಸ್ ಬರ್ಗರ್ ಪ್ರಕಟಿಸಿದ್ದು 1929ರಲ್ಲಿ. ಯಾರಿಗೆ ಮತ್ತೆ ಫಿಟ್ಸ್ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಹೇಳುವ ದಾರಿಯೇ ವೈದ್ಯರಿಗೆ ಇರಲಿಲ್ಲ.

1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಮ್ ಫೆನಿಟಾಯಿನ್ ಔಷಧದ ಗುಣವನ್ನು ಪ್ರಕಟಿಸಿದರು. ನಿದ್ದೆಗಣ್ಣು ಹೆಚ್ಚಿಸದೆ ಫಿಟ್ಸ್ ತಡೆಯುವ ಮದ್ದು ಅದು. ಭಾರತದ ‘ಸಂಪೂರ್ಣ ಅನರ್ಹತೆ’ ಬಂದದ್ದು ಅದರ ಮರುವರ್ಷವೇ. ರೋಗಕ್ಕೆ ಹತೋಟಿ ಸಾಧ್ಯವಾಗುತ್ತಿದ್ದ ಹೊತ್ತಿಗೆ ಸರಿಯಾಗಿ ಕಾನೂನು ಅದನ್ನು ಹತೋಟಿಯಿಲ್ಲದ ರೋಗವೆಂದು ಬರೆದುಕೊಂಡಿತು.

ಸರಿಯಾದ ಚಿಕಿತ್ಸೆ ಸಿಕ್ಕರೆ ಅಪಸ್ಮಾರವುಳ್ಳವರಲ್ಲಿ ನೂರಕ್ಕೆ 70ರಷ್ಟು ಜನ ಫಿಟ್ಸ್ ಇಲ್ಲದೆ ಬದುಕಬಲ್ಲರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದಕ್ಕೆ ಕರ್ನಾಟಕದ ಸಾಕ್ಷ್ಯವೂ ಉಂಟು. ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿ ಬಳಸಿದ್ದು ಅದೇ ಹಳೆಯ, ಅಗ್ಗದ ಫೀನೋಬಾರ್ಬಿಟಾಲ್ ಮತ್ತು ಫೆನಿಟಾಯಿನ್. ಮದ್ದನ್ನು ಊರಿನಲ್ಲೇ ಒದಗಿಸಿ, ತಪ್ಪದೆ ನುಂಗುವಂತೆ ನೋಡಿಕೊಂಡರೆ ಹಳ್ಳಿಯಲ್ಲೂ ಈ ರೋಗ ಹತೋಟಿಗೆ ಬರುತ್ತದೆ ಎಂದು ಅದು ತೋರಿಸಿಕೊಟ್ಟಿತು.

ಔಷಧ ಬದಲಾದಂತೆ ಕೆಲವು ದೇಶಗಳು ಪ್ರಶ್ನೆಯನ್ನೂ ಬದಲಿಸಿದವು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 1949ರಲ್ಲಿ, ಎರಡು ವರ್ಷ ಫಿಟ್ಸ್ ಬರದಿದ್ದವರಿಗೆ ಪರವಾನಗಿ ಕೊಡತೊಡಗಿತು. ಬ್ರಿಟನ್ 1970ರಲ್ಲಿ ತನ್ನ ನಿಷೇಧ ಸಡಿಲಿಸಿ ಮೂರು ವರ್ಷದ ಗಡುವು ಇಟ್ಟಿತು. ಮುಂದೆ ಅದು ಎರಡಾಗಿ, ಒಂದಾಯಿತು. ಜಪಾನ್ 2002ರವರೆಗೆ ಸಂಪೂರ್ಣ ನಿಷೇಧವನ್ನೇ ಇಟ್ಟುಕೊಂಡು, ಆಮೇಲೆ ಎರಡು ವರ್ಷದ ನಿಯಮಕ್ಕೆ ಬಂದಿತು. ‘ರೋಗವಿದೆಯೇ?’ ಎಂಬುದರ ಜಾಗದಲ್ಲಿ ‘ಫಿಟ್ಸ್ ನಿಂತು ಎಷ್ಟು ದಿನವಾಯಿತು?’ ಎಂಬ ಪ್ರಶ್ನೆ ಬಂದಿತು.

ಇದನ್ನು ಬರೀ ಉದಾರತೆ ಎಂದು ತಿಳಿಯಬಾರದು. ಬ್ರಿಟನ್ನಿನಲ್ಲಿ ಸ್ವಂತ ಕಾರಿಗೆ ಒಂದು ವರ್ಷದ ಗಡುವಾದರೆ, ಲಾರಿ–ಬಸ್ಸಿಗೆ ಔಷಧವಿಲ್ಲದೆ ಹತ್ತು ವರ್ಷ ಫಿಟ್ಸ್ ಬಂದಿರಬಾರದು. ಹೊರೆ ದೊಡ್ಡದಾದಷ್ಟೂ ನಿಯಮ ಬಿಗಿ.

ಲಕ್ವಾ: ಕಾಣದ ಎಡಬದಿ

ಮೆದುಳಿನ ಬೇನೆಯೆಂದರೆ ಫಿಟ್ಸ್ ಒಂದೇ ಅಲ್ಲ. ಲಕ್ವಾ ಹೊಡೆದವರ ಕಥೆ ಬೇರೆ. ಕೈಕಾಲಿನ ಬಲ ಮರಳಿದರೆ ಸಾಕು, ಗಾಡಿ ಓಡಿಸಬಹುದು ಎಂಬುದು ಸಾಮಾನ್ಯ ನಂಬಿಕೆ. ನಮೂನೆಯೂ ಲಕ್ವಾವನ್ನು ಹೆಸರಿಸುವುದಿಲ್ಲ. ಕೈಕಾಲಿನ ಚಲನೆ ಮತ್ತು ಶಕ್ತಿಯನ್ನು ಕೇಳುತ್ತದೆ, ಕಡೆಯಲ್ಲಿ ‘ಅಪಾಯಕರವಾದ ಬೇರೆ ರೋಗವಿದೆಯೇ’ ಎನ್ನುತ್ತದೆ. ಆದರೆ ಮೆದುಳು ಕಳೆದುಕೊಂಡದ್ದು ಯಾವಾಗಲೂ ಕೈಯಲ್ಲಿ ಕಾಣಿಸುವುದಿಲ್ಲ.

ಇದು ತಿಳಿದದ್ದು ಯುದ್ಧಭೂಮಿಯಿಂದ. 1904–05ರ ರಷ್ಯಾ–ಜಪಾನ್ ಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ಬಿದ್ದೂ ಬದುಕಿದ ಸೈನಿಕರನ್ನು ಜಪಾನಿನ ನೇತ್ರವೈದ್ಯ ತತ್ಸುಜಿ ಇನೌಯೆ ಪರೀಕ್ಷಿಸಿದ. ಕಣ್ಣು ಸರಿಯಾಗಿಯೇ ಇದ್ದರೂ ಅವರಿಗೆ ನೋಟದ ಒಂದೊಂದು ಭಾಗ ಕಾಣುತ್ತಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಗಾರ್ಡನ್ ಹೋಮ್ಸ್ ಈ ನಕ್ಷೆಯನ್ನು ಇನ್ನಷ್ಟು ಸ್ಪಷ್ಟಗೊಳಿಸಿದ. 1941ರಲ್ಲಿ ರಸೆಲ್ ಬ್ರೇನ್ ಎಂಬ ಇಂಗ್ಲಿಷ್ ವೈದ್ಯ ಇದಕ್ಕಿಂತ ವಿಚಿತ್ರವಾದದ್ದನ್ನು ವಿವರಿಸಿದ. ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಗಡೆಯ ಲೋಕ ಕಂಡರೂ ಲಕ್ಷ್ಯಕ್ಕೆ ಬರುವುದಿಲ್ಲ. ನೂರು ಸಲ ನಡೆದ ತಮ್ಮ ಮನೆಯೊಳಗೇ ಅವರು ದಾರಿ ತಪ್ಪುತ್ತಾರೆ.

ಮನೆಯವರು ಇದನ್ನು ಊಟದ ಹೊತ್ತಿನಲ್ಲೇ ಗುರುತಿಸಬಹುದು. ರೊಟ್ಟಿ ತಿಂದು ಏಳುವಾಗ ತಟ್ಟೆಯ ಎಡಬದಿಯ ಪಲ್ಯ ಹಾಗೆಯೇ ಉಳಿದಿರುತ್ತದೆ. ಬಲಗೆನ್ನೆಯ ಗಡ್ಡ ಮಾತ್ರ ಬೋಳಿಸಿಕೊಂಡಿರುತ್ತಾರೆ. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ತಗಲುತ್ತದೆ. ಕೇಳಿದರೆ ತಮಗೇನೂ ಆಗಿಲ್ಲವೆಂದೇ ಹೇಳುತ್ತಾರೆ. ಸುಳ್ಳು ಹೇಳುತ್ತಿಲ್ಲ, ಅವರಿಗೆ ಅದು ಗೊತ್ತಾಗುವುದೇ ಇಲ್ಲ. ಭಾರತದಲ್ಲಿ ವಾಹನ ಸಾಗುವುದು ರಸ್ತೆಯ ಎಡಕ್ಕೆ. ಆ ಬದಿಯಲ್ಲಿ ಸೈಕಲ್ಲು, ಚಕ್ಕಡಿ, ಶಾಲೆಯಿಂದ ಮರಳುವ ಮಕ್ಕಳು ಇರುತ್ತಾರೆ. ಎಡವನ್ನು ಮರೆತ ಮೆದುಳಿನ ಕೈಗೆ ಟ್ರ್ಯಾಕ್ಟರ್ ಕೊಟ್ಟರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಲಕ್ವಾ ಹೊಡೆದವರೆಲ್ಲ ಇನ್ನೆಂದೂ ಓಡಿಸಬಾರದು ಎಂದಲ್ಲ. ಬ್ರಿಟನ್ನಿನಲ್ಲಿ ಸ್ವಂತ ಕಾರಿನವರು ಕಡಿಮೆಯೆಂದರೆ ಒಂದು ತಿಂಗಳು, ಲಾರಿಯವರು ಒಂದು ವರ್ಷ ಕಾಯಬೇಕು; ಆಮೇಲೆ ಯಾವ ನ್ಯೂನತೆ ಉಳಿದಿದೆ ಎಂಬುದರ ಮೇಲೆ ತೀರ್ಮಾನ. ನೋಟದ ಹರವು, ಗಮನ, ಬ್ರೇಕ್ ಒತ್ತಲು ಹಿಡಿಯುವ ಹೊತ್ತು, ಒಮ್ಮೆಗೇ ಎರಡು ಸಂಗತಿ ಗಮನಿಸುವ ಶಕ್ತಿ, ಇವನ್ನು ಪರೀಕ್ಷಿಸಬೇಕು. ಕೈಕುಲುಕಿ ನೋಡಿ ಸಹಿ ಹಾಕಿದ ಪ್ರಮಾಣಪತ್ರದಿಂದ ಇವು ತಿಳಿಯುವುದಿಲ್ಲ.

ಸಡಿಲವಾದ ಗಂಟುಗಳು, ಬಿಚ್ಚದ ಒಂದು ಗಂಟು

ಭಾರತದ ಕಾನೂನು ಈ ವಿಷಯಗಳಲ್ಲಿ ಅಲುಗಾಡಿಯೇ ಇಲ್ಲ ಎನ್ನುವಂತಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಕಿವುಡರಿಗೆ ಪರವಾನಗಿ ನಿರಾಕರಿಸುವಂತಿಲ್ಲ ಎಂದು ದೆಹಲಿ ಹೈಕೋರ್ಟು 2011ರಲ್ಲಿ ಹೇಳಿತು. ಅಲ್ಪ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇರುವವರಿಗೆ ಕೇಂದ್ರ ಸರ್ಕಾರ 2020ರಲ್ಲಿ ಅವಕಾಶ ಕೊಟ್ಟಿತು. ಎರಡೂ 1939ರ ಪಟ್ಟಿಯಲ್ಲಿದ್ದವೇ.

ಅಪಸ್ಮಾರದ ವಿಷಯದಲ್ಲೂ ಒಂದು ದೊಡ್ಡ ಗಂಟು ಬಿಚ್ಚಿದೆ; ಅದು ಮದುವೆಯದು. 1976ರ ತಿದ್ದುಪಡಿ ಹಿಂದೂ ವಿವಾಹ ಕಾಯ್ದೆಯಲ್ಲಿ ಮರುಕಳಿಸುವ ಅಪಸ್ಮಾರವನ್ನು ಮದುವೆಗೆ ಅಡ್ಡಿಯೆಂದು ಬರೆದಿತ್ತು. 1970ರಲ್ಲಿ ಹುಟ್ಟಿದ ಭಾರತೀಯ ಅಪಸ್ಮಾರ ಸಂಘ ಮತ್ತು ನರರೋಗ ತಜ್ಞರು ಅದರ ವಿರುದ್ಧ ದನಿ ಎತ್ತಿದರು. 1999ರಲ್ಲಿ ಸಂಸತ್ತು ಆ ಪದವನ್ನು ತೆಗೆದುಹಾಕಿತು. ಅಂದಿನಿಂದ ಫಿಟ್ಸ್ ಇದ್ದವರು ಕಾನೂನಿನ ಕಣ್ಣಿನಲ್ಲಿ ಮದುವೆಯಾಗಲು ಅರ್ಹರು. ಆದರೆ ಸಂಸಾರ ಸಾಕಲು ಗಾಡಿ ಓಡಿಸಬೇಕೆಂದರೆ, ಐದು ವರ್ಷ ಫಿಟ್ಸ್ ಬರದಿದ್ದರೂ, ನಮೂನೆ ಅದೇ ಹಳೆಯ ಪ್ರಶ್ನೆ ಕೇಳುತ್ತದೆ.

ಇದರ ಫಲವೇನು? ‘ಹೌದು’ ಎಂದರೆ ಅರ್ಜಿ ಬಿದ್ದುಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಆದ್ದರಿಂದ ‘ಇಲ್ಲ’ ಎಂದು ಬರೆಯುವ ಪ್ರಲೋಭನೆ ದೊಡ್ಡದು. ಹೀಗೆ ಮುಚ್ಚಿಟ್ಟವನು ತನ್ನ ವೈದ್ಯರಿಗೂ ತಾನು ಚಾಲಕನೆಂದು ಹೇಳುವುದಿಲ್ಲ. ಮಾಲೀಕನ ಕಣ್ಣಿಗೆ ಬಿದ್ದೀತೆಂದು ಮಾತ್ರೆಯನ್ನು ಗಾಡಿಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹಂಗಾಮಿನಲ್ಲಿ ಎರಡು ರಾತ್ರಿ ನಿದ್ದೆಗೆಟ್ಟು ಸರದಿಯಲ್ಲಿ ಕಾಯುತ್ತಾನೆ. ನಿದ್ದೆಗೇಡು, ತಪ್ಪಿದ ಮಾತ್ರೆ, ಮದ್ಯ, ಈ ಮೂರೂ ಫಿಟ್ಸನ್ನು ಕರೆದು ತರುವ ದಾರಿಗಳು. ಜೀವ ಉಳಿಸಲೆಂದು ಇಟ್ಟ ಪ್ರಶ್ನೆ, ಅಪಾಯವನ್ನು ಕಣ್ಣಿಗೆ ಕಾಣದಂತೆ ಮಾಡುವ ಪ್ರಶ್ನೆಯಾಗಿ ಬಿಡುತ್ತದೆ. ಗಡುವಿನ ನಿಯಮದಲ್ಲಿ ನಿಜ ಹೇಳಿದವನಿಗೆ ಮುಂದೊಂದು ದಿನ ದಾರಿಯಿದೆ. ಎಂದೆಂದಿಗೂ ಇಲ್ಲವೆನ್ನುವ ನಿಯಮದಲ್ಲಿ ನಿಜ ಹೇಳಿ ಸಿಗುವುದು ಏನೂ ಇಲ್ಲ.

ಇನ್ನೊಂದು ಕಡೆಯೂ ನೋಡಬೇಕು. ಸರ್ಕಾರಿ ಬಸ್ಸಿನ ಚಾಲಕನಿಗೆ ಸೇವೆಯಲ್ಲಿರುವಾಗ ಲಕ್ವಾ ಹೊಡೆದು ಅಂಗವೈಕಲ್ಯ ಬಂದರೆ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ. ಅದೇ ವೇತನಶ್ರೇಣಿಯ ಬೇರೆ ಕೆಲಸ ಕೊಡಬೇಕು. 1995ರ ಅಂಗವಿಕಲರ ಕಾಯ್ದೆಯಲ್ಲಿದ್ದ ಈ ರಕ್ಷಣೆಯನ್ನು ಸುಪ್ರೀಂ ಕೋರ್ಟು 2003ರಲ್ಲಿ ಎತ್ತಿಹಿಡಿಯಿತು. 2016ರ ಕಾಯ್ದೆ ಮುಂದುವರಿಸಿತು. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಚಾಲಕನಿಗೆ ಹೀಗೆ ಒಂದು ಆಸರೆ ಉಂಟು. ಮೂಡಲಗಿಯ ಕಬ್ಬಿನ ಟ್ರ್ಯಾಕ್ಟರಿನವನಿಗೆ, ಸಂಕೇಶ್ವರದ ಲಾರಿ ಚಾಲಕನಿಗೆ ಅದಿಲ್ಲ. ಅವನ ಮುಂದಿರುವುದು ಎರಡೇ: ಸ್ಟೇರಿಂಗ್ ಇಲ್ಲವೇ ಸಾಲ. ಬೇನೆಯಿಂದ ಎದ್ದವನು ಅವಸರಪಡುವುದು ಹಟದಿಂದಲ್ಲ, ಹೊಟ್ಟೆಪಾಡಿನಿಂದ.

ಕ್ಯಾಲೆಂಡರಿನ ಗುರುತು

ಚಿಕಿತ್ಸೆ ಈಗ ಮೊದಲಿನಷ್ಟು ದೂರವಿಲ್ಲ. ಧಾರವಾಡದ ಹಳೆಯ ಮಾನಸಿಕ ಆಸ್ಪತ್ರೆ 2009ರಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಮತ್ತು ನರವಿಜ್ಞಾನ ಸಂಸ್ಥೆಯಾಯಿತು. 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಮೆದುಳಿನ ಆರೋಗ್ಯದ ಕಾರ್ಯಕ್ರಮವೊಂದನ್ನು ಆರಂಭಿಸಿದವು. ಮೆದುಳಿನ ಬೇನೆಗೆ ದೊಡ್ಡ ಊರಿನ ಆಸ್ಪತ್ರೆಯೊಂದೇ ಗತಿ ಎಂಬ ಕಾಲ ನಿಧಾನವಾಗಿ ಸರಿಯುತ್ತಿದೆ. ಆದರೆ ಗುಣವಾಗಿ ಮರಳಿದವನ ಚಾಲನಾಶಕ್ತಿಯನ್ನು ಅಳೆದು, ‘ಇಂದು ಬೇಡ, ಇಷ್ಟು ತಿಂಗಳ ನಂತರ ಬಾ’ ಎಂದು ಹೇಳುವ ವ್ಯವಸ್ಥೆ ನಿಯಮದಲ್ಲಿ ಮೂಡಿಲ್ಲ.

ಅಲ್ಲಿಯತನಕ ಹೊಣೆ ಮನೆಯವರದೂ ಊರಿನ ವೈದ್ಯರದೂ ಆಗಿ ಉಳಿಯುತ್ತದೆ. ಮೆದುಳಿನ ಬೇನೆಗೆ ಚಿಕಿತ್ಸೆ ಕೊಟ್ಟ ವೈದ್ಯರಿಗೆ ರೋಗಿಯ ಕಸುಬು ಚಾಲನೆಯೆಂದು ಬಾಯಿಬಿಟ್ಟು ಹೇಳಬೇಕು. ಟ್ರ್ಯಾಕ್ಟರ್, ಲಾರಿ, ಮೋಟಾರ್ ಸೈಕಲ್ ಇವುಗಳಲ್ಲಿ ಯಾವುದು ಎಂಬುದನ್ನೂ ಹೇಳಬೇಕು. ಅವರು ಒಪ್ಪುವವರೆಗೆ ಬೈಕನ್ನೂ ಮುಟ್ಟಬಾರದು. ಮಾತ್ರೆಯನ್ನು ತಾನಾಗಿ ನಿಲ್ಲಿಸಬಾರದು. ಒಂದು ಕ್ಷಣ ಮಂಕಾಗಿ ನಿಂತದ್ದು, ಮಾತು ತಡೆದದ್ದು, ಕೈಯಿಂದ ಲೋಟ ಜಾರಿದ್ದು, ಇವನ್ನು ನೋಡಿದ ಹೆಂಡತಿ–ಮಕ್ಕಳು ಮುಚ್ಚಿಡಬಾರದು. ಎಚ್ಚರ ತಪ್ಪಿದವನಿಗೆ ತನ್ನ ಫಿಟ್ಸ್ ಗೊತ್ತಿರುವುದಿಲ್ಲ, ಕಂಡವರಿಗೇ ಗೊತ್ತು.

ಫಿಟ್ಸ್ ಬಂದ ದಿನವನ್ನು ಬರೆದಿಡಿ ಎಂದು ನರರೋಗ ವೈದ್ಯರು ಹೇಳುತ್ತಾರೆ. ಅಡುಗೆಮನೆಯ ಗೋಡೆಯ ಮೇಲೆ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಒಂದು ಗುರುತು ಹಾಕಿದರೂ ಸಾಕು. ಗುರುತಿಲ್ಲದ ತಿಂಗಳುಗಳು ಒಂದೊಂದಾಗಿ ಕೂಡುತ್ತ ಹೋದರೆ, ಗಾಡಿಗೆ ಮರಳಬಹುದೇ ಎಂದು ತೂಗಿ ನೋಡಲು ವೈದ್ಯರಿಗೆ ಬೇಕಾದ ಮುಖ್ಯ ಪುರಾವೆ ಅದೇ. ಅನೇಕ ದೇಶಗಳ ಪರವಾನಗಿ ಕಚೇರಿಗಳು ಕೇಳುವುದೂ ಅದನ್ನೇ. ನಮ್ಮ ನಮೂನೆ ಇನ್ನೂ ಅದನ್ನು ಕೇಳಿಲ್ಲ.